ಆಟಿಸಂ ಕುರಿತ ತಪ್ಪು ತಿಳಿವಳಿಕೆಗಳು ಮಕ್ಕಳ ಎಷ್ಟು ಸಮಯವನ್ನು ಕಸಿಯುತ್ತಿವೆ? – ಒಂದು ಚರ್ಚೆ

ವಿಶೇಷ ಶಿಕ್ಷಕಿ, ಶಿವಮೊಗ್ಗ

ಈ ಚರ್ಚೆಯನ್ನು ಆರಂಭಿಸಲು ನನಗೆ ಒಂದು ನಿರ್ದಿಷ್ಟ ಕಾರಣವಿದೆ. ಆಟಿಸಂ ಇರುವ ಮಕ್ಕಳನ್ನು ನಮ್ಮಲ್ಲಿಗೆ ಕರೆತರುವ ತಂದೆತಾಯಂದಿರಲ್ಲಿ ಬಹಳ ಜನ ಮಗುವಿಗೆ ನಾಲ್ಕೋ ಐದೋ ವರ್ಷ ತುಂಬಿದ ಮೇಲೆ ಬರುತ್ತಾರೆ. ಆದರೆ ನಿಧಾನವಾಗಿ ಮಾತನಾಡಿಸಿದರೆ, ಮಗುವಿಗೆ ಒಂದೂವರೆ ವರ್ಷವಾಗಿದ್ದಾಗಲೇ ತಾಯಿಗೆ ಅನುಮಾನ ಬಂದಿತ್ತು ಎಂಬುದು ತಿಳಿಯುತ್ತದೆ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಹಾರುವ ಹಕ್ಕಿಯನ್ನೋ ಬೀದಿಯಲ್ಲಿ ಹೋಗುವ ಹಸುವನ್ನೋ ಬೆರಳು ಮಾಡಿ ತೋರಿಸುತ್ತಿರಲಿಲ್ಲ. ನೀರು ಬೇಕಾದರೆ ಅಮ್ಮನ ಕೈಹಿಡಿದು ಕೊಡದ ಬಳಿಗೆ ಎಳೆದೊಯ್ಯುತ್ತಿತ್ತು. ಕಲಿತಿದ್ದ ನಾಲ್ಕಾರು ಪದಗಳು ಇದ್ದಕ್ಕಿದ್ದಂತೆ ನಿಂತುಹೋಗಿದ್ದವು. ಇಷ್ಟನ್ನು ಕಂಡ ಆ ತಾಯಿ ಹೇಳಿದಾಗ ಮನೆಯಲ್ಲಿ ಸಿಕ್ಕ ಉತ್ತರ, "ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ನಾಲ್ಕು ವರ್ಷಕ್ಕೆ ಮಾತನಾಡಿದ್ದು" ಎಂಬುದು. ಮುಂದಿನ ಎರಡು ಮೂರು ವರ್ಷಗಳು ನಾಲಿಗೆಗೆ ಬಜೆ ತೇಯ್ದು ಹಚ್ಚುವುದರಲ್ಲಿ, ದೃಷ್ಟಿ ತೆಗೆಯುವುದರಲ್ಲಿ, ಹರಕೆ ಹೊರುವುದರಲ್ಲಿ, ನಾಲಿಗೆಯ ಅಡಿಯ ಅಂಟನ್ನು ಕೊಯ್ಯಿಸಬೇಕೇ ಬೇಡವೇ ಎಂದು ಆಸ್ಪತ್ರೆಗಳಿಗೆ ಅಲೆಯುವುದರಲ್ಲಿ ಕಳೆದುಹೋಗುತ್ತವೆ.

ಹಿರಿಯರನ್ನು ದೂಷಿಸುವ ಉದ್ದೇಶ ನನಗಿಲ್ಲ. ಅವರು ಮಗುವಿನ ಒಳಿತನ್ನೇ ಬಯಸಿ ತಮಗೆ ತಿಳಿದುದನ್ನು ಹೇಳುತ್ತಾರೆ. ನನ್ನ ಆತಂಕವಿರುವುದು ಬೇರೆ ಕಡೆ. ತಪ್ಪು ತಿಳಿವಳಿಕೆಯೊಂದು ಕೇವಲ ಮನಸ್ಸನ್ನು ನೋಯಿಸಿ ಸುಮ್ಮನಾಗುವುದಿಲ್ಲ. ಮುಂದಿನ ತಿಂಗಳು ಆ ಕುಟುಂಬ ಯಾವ ಊರಿಗೆ ಹೋಗಬೇಕು, ಯಾವುದಕ್ಕೆ ಸಾಲ ಮಾಡಬೇಕು, ಮಗುವಿನೊಡನೆ ಏನು ಮಾಡಬೇಕು, ಏನು ಬಿಡಬೇಕು ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಚಿಕ್ಕ ವಯಸ್ಸಿನ ಮಗುವಿನ ಮಟ್ಟಿಗೆ ಆ ತಿಂಗಳುಗಳು ತುಂಬ ಬೆಲೆಯುಳ್ಳವು.

ಮೂಲ ವಿಷಯವನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಸರ್ಕಾರಿ ದಾಖಲೆಗಳಲ್ಲಿ ಸ್ವಲೀನತೆ ಎಂದು ಕರೆಯಲಾಗುವ ಆಟಿಸಂ, ಮಿದುಳು ಬೆಳೆಯುವ ಬಗೆಯಲ್ಲಿಯೇ ಇರುವ ಭಿನ್ನತೆ. ಅದು ಅಂಟುರೋಗವಲ್ಲ, ಮಾನಸಿಕ ಆಘಾತದಿಂದ ಬರುವಂಥದ್ದೂ ಅಲ್ಲ. ಇತರರೊಡನೆ ಸಂವಹನ ನಡೆಸುವ ಮತ್ತು ಬೆರೆಯುವ ರೀತಿಯಲ್ಲಿ ವ್ಯತ್ಯಾಸ ಒಂದು ಕಡೆ, ಒಂದೇ ಕ್ರಿಯೆಯ ಪುನರಾವರ್ತನೆ, ದಿನಚರಿಯ ಬಗ್ಗೆ ಬಿಗಿಯಾದ ಪಟ್ಟು, ಕೆಲವೇ ವಿಷಯಗಳಲ್ಲಿ ಅತಿಯಾದ ಆಸಕ್ತಿ, ಶಬ್ದ-ಸ್ಪರ್ಶ-ಬೆಳಕುಗಳಿಗೆ ಅತಿ ಹೆಚ್ಚಿನ ಇಲ್ಲವೇ ಅತಿ ಕಡಿಮೆ ಸ್ಪಂದನೆ ಇನ್ನೊಂದು ಕಡೆ. ಈ ಎರಡೂ ಬಗೆಯ ಲಕ್ಷಣಗಳು ಚಿಕ್ಕಂದಿನಿಂದಲೇ ಇದ್ದು ದಿನನಿತ್ಯದ ಬದುಕಿಗೆ ತೊಡಕಾಗುತ್ತಿದ್ದರೆ ಆಟಿಸಂ ಎಂದು ಗುರುತಿಸುತ್ತಾರೆ. ಇದಕ್ಕೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ತರಬೇತಿ ಪಡೆದವರು ಮಗುವನ್ನು ಗಮನಿಸಿ, ಮನೆಯವರನ್ನು ವಿವರವಾಗಿ ಕೇಳಿ ನಿರ್ಣಯಿಸಬೇಕು.

ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಯಾವ ಮಾತುಗಳು ಹೆಚ್ಚಾಗಿ ಕೇಳಿಬರುತ್ತವೆ, ಅವುಗಳಲ್ಲಿ ಯಾವುದು ಹೆಚ್ಚು ಹಾನಿ ಮಾಡಿದೆ ಎಂಬುದನ್ನು ಬರೆಯಬೇಕೆಂದು ಕೋರುತ್ತೇನೆ.

ಹಾಸನದ ಹಿರಿಯರು

ನಾನು ನಿವೃತ್ತ ಗ್ರಾಮಲೆಕ್ಕಿಗ. ನನ್ನ ಎರಡನೆಯ ಮೊಮ್ಮಗನಿಗೆ ಆಟಿಸಂ ಇದೆ ಎಂದು ಬೆಂಗಳೂರಿನಲ್ಲಿ ಹೇಳಿದ್ದಾರೆ. ಮೇಡಂ ಬರೆದುದನ್ನು ಗೌರವದಿಂದ ಓದಿದ್ದೇನೆ. ಆದರೂ ನನ್ನ ಮನಸ್ಸಿನಲ್ಲಿರುವ ಪ್ರಶ್ನೆಗಳನ್ನು ಮುಚ್ಚಿಟ್ಟುಕೊಂಡರೆ ಪ್ರಯೋಜನವಿಲ್ಲ. ನಾವು ಬೆಳೆದ ಕಾಲದಲ್ಲಿ ಒಂದೊಂದು ಮನೆಯಲ್ಲಿ ಎಂಟು ಹತ್ತು ಮಕ್ಕಳಿದ್ದರು. ಇಂತಹ ಹೆಸರನ್ನು ನಾವು ಕೇಳಿಯೇ ಇರಲಿಲ್ಲ. ಈಗ ಪ್ರತಿ ಬಡಾವಣೆಯಲ್ಲೂ ಒಬ್ಬರು ಇಬ್ಬರು ಮಕ್ಕಳಿದ್ದಾರೆ ಎನ್ನುತ್ತಾರೆ. ಇದು ಮೊಬೈಲಿನಿಂದ ಬಂದಿದೆಯೇ? ಚುಚ್ಚುಮದ್ದು ಹಾಕಿಸಿದ ಮೇಲೆ ಮಗು ಮಂಕಾಯಿತು ಎಂದು ನಮ್ಮ ನೆಂಟರಲ್ಲಿ ಒಬ್ಬರು ಖಂಡಿತವಾಗಿ ಹೇಳುತ್ತಾರೆ. ಸೊಸೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ಹೀಗಾಯಿತು ಎಂದು ಮನೆಯಲ್ಲಿ ಮಾತು ಬಂದು, ಆ ಹುಡುಗಿ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ತಿಳಿದವರು ದಯವಿಟ್ಟು ಉತ್ತರಿಸಬೇಕು. ನಾನು ವಾದಕ್ಕಾಗಿ ಕೇಳುತ್ತಿಲ್ಲ.

ಮಕ್ಕಳ ವೈದ್ಯ, ಹುಬ್ಬಳ್ಳಿ

ಹಿರಿಯರೇ, ನೀವು ನೇರವಾಗಿ ಕೇಳಿದ್ದು ಬಹಳ ಒಳ್ಳೆಯದಾಯಿತು. ಸೊಸೆಯ ವಿಚಾರಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಮಾತು ನಿಮ್ಮ ಮನೆಯಲ್ಲಿ ಇಂದೇ ನಿಲ್ಲಬೇಕು.

ತಾಯಿಯ ಪ್ರೀತಿಯ ಕೊರತೆಯಿಂದ ಆಟಿಸಂ ಬರುತ್ತದೆ ಎಂಬ ಆರೋಪ ನಮ್ಮ ಮನೆಗಳಲ್ಲಿ ಹುಟ್ಟಿದ್ದಲ್ಲ. ಅದನ್ನು ವೈದ್ಯಲೋಕವೇ ಹುಟ್ಟುಹಾಕಿತು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೊ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಆಟಿಸಂ ಒಂದು ಪ್ರತ್ಯೇಕ ಸ್ಥಿತಿಯೆಂದು ವ್ಯಾಪಕವಾಗಿ ಪರಿಚಿತವಾಯಿತು. ಆಮೇಲಿನ ಎರಡು ದಶಕಗಳಲ್ಲಿ ಆ ಮಕ್ಕಳ ತಂದೆತಾಯಂದಿರು ಭಾವಶೂನ್ಯರು, ಮಂಜುಗಡ್ಡೆಯಂಥವರು ಎಂಬ ಸಿದ್ಧಾಂತ ಬೆಳೆಯಿತು. ಶಿಕಾಗೋದ ಬ್ರೂನೊ ಬೆಟಲ್‌ಹೈಮ್ ಅದನ್ನು ಜನಪ್ರಿಯಗೊಳಿಸಿದರು. ಸಾವಿರಾರು ತಾಯಂದಿರು ಮಾಡದ ತಪ್ಪಿಗೆ ಜೀವನವಿಡೀ ನೊಂದರು. ಅದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ ಮುಖ್ಯರು. ಅವರ ಮಗನಿಗೂ ಆಟಿಸಂ ಇತ್ತು. 1977ರಲ್ಲಿ ಬ್ರಿಟನ್ನಿನಲ್ಲಿ 21 ಜೋಡಿ ಅವಳಿಗಳನ್ನು ಪರಿಶೀಲಿಸಿದಾಗ, ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಇಬ್ಬರನ್ನೂ ಸಾಕಿದ ತಾಯಿ ಒಬ್ಬಳೇ ಎಂಬುದನ್ನು ಗಮನಿಸಿ. 2019ರಲ್ಲಿ ಐದು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಆಧರಿಸಿದ ಅಧ್ಯಯನವು, ಜನರ ನಡುವೆ ಆಟಿಸಂ ವಿಷಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ. 80ರಷ್ಟು ಆನುವಂಶಿಕ ಕಾರಣಗಳದ್ದು ಎಂದು ಅಂದಾಜಿಸಿತು. ಇದಕ್ಕೆ ಕಾರಣವಾದುದು ಒಂದು ಜೀನ್ ಅಲ್ಲ, ನೂರಾರು ಜೀನ್‌ಗಳು. ನಿಮ್ಮ ಸೊಸೆ ಕೆಲಸಕ್ಕೆ ಹೋದುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಚುಚ್ಚುಮದ್ದಿನ ವಿಷಯ. 1998ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯರು ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು, ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸುವ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪತ್ರಕರ್ತ ಬ್ರಯನ್ ಡೀರ್ ಅವರ ತನಿಖೆಯಿಂದ ಅಕ್ರಮಗಳು ಹೊರಬಿದ್ದವು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂಪಡೆಯಿತು, ಅದೇ ವರ್ಷ ಅವರ ಹೆಸರನ್ನು ವೈದ್ಯರ ನೋಂದಣಿಯಿಂದ ತೆಗೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆ ಪಡೆದವರಿಗೂ ಪಡೆಯದವರಿಗೂ ಆಟಿಸಂ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ನಿಮ್ಮ ನೆಂಟರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸನ್ನು 16ರಿಂದ 24 ತಿಂಗಳ ನಡುವೆ ಹಾಕುತ್ತೇವೆ. ಪದಗಳು ಬಾರದಿರುವುದೋ ಬಂದ ಪದಗಳು ನಿಲ್ಲುವುದೋ ಮನೆಯವರ ಕಣ್ಣಿಗೆ ಬೀಳುವುದೂ ಅದೇ ವಯಸ್ಸಿನಲ್ಲಿ. ಎರಡೂ ಒಟ್ಟಿಗೆ ಬಂದುದರಿಂದ ಒಂದರಿಂದ ಇನ್ನೊಂದಾಯಿತೆಂದು ತೋರುತ್ತದೆ.

ಮೊಬೈಲು ಆಟಿಸಂ ಉಂಟುಮಾಡುವುದಿಲ್ಲ. ಪರದೆ ನೋಡುವುದರಿಂದಲೇ ಬರುತ್ತದೆ ಎನ್ನಲಾಗುವ ವರ್ಚುವಲ್ ಆಟಿಸಂ ಎಂಬ ಹೆಸರು ಯೂಟ್ಯೂಬಿನಲ್ಲಿ ಸಾಕಷ್ಟು ಓಡಾಡುತ್ತಿದ್ದರೂ ಅಂಥ ರೋಗನಿರ್ಣಯ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿಯೂ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿಯೂ ಇಲ್ಲ. ಇದರರ್ಥ ಪುಟ್ಟ ಮಗುವಿನ ಕೈಗೆ ಮೊಬೈಲು ಕೊಡಬಹುದು ಎಂದಲ್ಲ. ಒಂದು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ. ಆದರೆ ಮೊಬೈಲು ಬಿಡಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಆರು ತಿಂಗಳು ಕಾದು ಕುಳಿತ ಕುಟುಂಬಗಳನ್ನು ನೋಡಿ ನನಗೆ ಬಹಳ ಬೇಸರವಾಗಿದೆ. ಮೊಬೈಲನ್ನೂ ಕಡಿಮೆ ಮಾಡಿ, ತಪಾಸಣೆಯನ್ನೂ ಮಾಡಿಸಿ.

ನಿಮ್ಮ ಕಾಲದಲ್ಲಿಯೂ ಆಟಿಸಂ ಇತ್ತು. ಕ್ಯಾನರ್‌ಗಿಂತ ಮುಂಚೆ, 1920ರ ದಶಕದಲ್ಲಿಯೇ, ಗ್ರುನ್ಯಾ ಸುಖರೇವಾ ಎಂಬ ಸೋವಿಯತ್ ವೈದ್ಯೆ ಇಂಥ ಆರು ಬಾಲಕರನ್ನು ವಿವರಿಸಿದ್ದರು. ಕ್ಯಾನರ್ ತಮ್ಮ ಲೇಖನದಲ್ಲಿ ವಿವರಿಸಿದ ಮೊದಲನೆಯ ಬಾಲಕ ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪ್ಪಿಯ ಒಂದು ಚಿಕ್ಕ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಕಾರು ಓಡಿಸಿ, ದೇಶ ವಿದೇಶ ಸುತ್ತಿ 2023ರಲ್ಲಿ ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಊರುಗಳಲ್ಲಿ ಅಂಥವರನ್ನು ಮೂಗ, ಪೆದ್ದ, ತಿಕ್ಕಲು ಎಂಬ ಹೆಸರುಗಳಲ್ಲಿ ಕರೆದು ಬಿಟ್ಟುಬಿಟ್ಟೆವು. ಅಮೆರಿಕದಲ್ಲಿ ಎಂಟು ವರ್ಷದ ಮಕ್ಕಳ ಪೈಕಿ ಆಟಿಸಂ ಇರುವವರೆಂದು ಗುರುತಿಸಲ್ಪಟ್ಟವರ ಪ್ರಮಾಣ 2000ದಲ್ಲಿ 150ಕ್ಕೆ ಒಬ್ಬರಷ್ಟಿದ್ದುದು 2022ರಲ್ಲಿ 31ಕ್ಕೆ ಒಬ್ಬರಷ್ಟಾಗಿದೆ. ಈ ಏರಿಕೆಯ ಬಹುಭಾಗಕ್ಕೆ ಕಾರಣ ಆಟಿಸಂನ ವ್ಯಾಖ್ಯೆ ವಿಶಾಲವಾದದ್ದು ಮತ್ತು ಗುರುತಿಸುವವರು ಹೆಚ್ಚಿದ್ದು. ತಂದೆತಾಯಂದಿರ ವಯಸ್ಸು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಈಗ ಬದುಕುಳಿಯುತ್ತಿರುವುದು ಮುಂತಾದ ಅಂಶಗಳ ಪಾಲೂ ಸ್ವಲ್ಪ ಇದೆ.

ತಾಯಿ, ಬೆಂಗಳೂರು

ವೈದ್ಯರ ಉತ್ತರವನ್ನು ನನ್ನ ಅತ್ತೆಯವರಿಗೆ ಓದಿ ಹೇಳಿದೆ. ಧನ್ಯವಾದಗಳು.

ನನ್ನನ್ನು ಹೆಚ್ಚು ಕಾಡಿದ ಮಾತು ಬೇರೆಯದು. ನನ್ನ ಮಗಳಿಗೆ ಆಟಿಸಂ ಎಂದು ತಿಳಿದ ಕೂಡಲೇ ನಗರದ ಒಂದು ಥೆರಪಿ ಕೇಂದ್ರದಲ್ಲಿ, "ಮಗುವಿಗೆ ಒಂದೇ ಭಾಷೆ ಸಾಕು, ಶಾಲೆ ಇಂಗ್ಲಿಷಿನದ್ದಾದ್ದರಿಂದ ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿ" ಎಂದರು. ನನಗೂ ನನ್ನ ಪತಿಗೂ ಕಚೇರಿಗೆ ಬೇಕಾದಷ್ಟು ಇಂಗ್ಲಿಷ್ ಬರುತ್ತದೆ. ಮಗುವನ್ನು ಮುದ್ದಿಸುವ, ಗದರಿಸುವ, ನಿದ್ದೆಗೆ ಜಾರಿಸುವ ಇಂಗ್ಲಿಷ್ ಬರುವುದಿಲ್ಲ. ಆದರೂ ಪ್ರಯತ್ನಿಸಿದೆವು. ಮನೆಯಲ್ಲಿ ಮಾತೇ ಕಡಿಮೆಯಾಯಿತು. ತುಮಕೂರಿನಿಂದ ಬಂದು ನಮ್ಮೊಡನಿರುವ ಅಜ್ಜಿ, ತನ್ನಿಂದ ಮಗುವಿಗೆ ತೊಂದರೆಯಾದೀತೆಂದು ಹೆದರಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೌನವಾಗಿರತೊಡಗಿದರು. ದಿನಕ್ಕೆ ಆರು ಗಂಟೆ ಮಗುವಿನೊಡನೆ ಇರುವವರು ಅವರೇ. ಈಗ ಮತ್ತೊಬ್ಬ ತಜ್ಞರು ಕನ್ನಡವನ್ನೇ ಆಡಿ ಎನ್ನುತ್ತಿದ್ದಾರೆ. ಇಬ್ಬರಲ್ಲಿ ಯಾರ ಮಾತು ಸರಿ? ಇನ್ನೊಂದು ಸಂಶಯವೂ ಇದೆ. ಅವಳಿಗೆ ಹಸಿವಾದಾಗ "ಊಟ ಮಾಡ್ತೀಯಾ ಪುಟ್ಟಿ?" ಎಂದು ನನ್ನ ಮಾತನ್ನೇ ನನ್ನ ಧಾಟಿಯಲ್ಲಿಯೇ ಒಪ್ಪಿಸುತ್ತಾಳೆ. ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ಹೇಳಿ, ತಡೆಯಲು ಸೂಚಿಸಿದ್ದರು.

ವಾಕ್ ಚಿಕಿತ್ಸಕಿ, ಮೈಸೂರು

ಅಮ್ಮ, ನಿಮ್ಮ ಅತ್ತೆಯವರು ಇಂದಿನಿಂದಲೇ ಬಾಯ್ತುಂಬ ಮಾತನಾಡಲಿ. ಎರಡನೆಯ ತಜ್ಞರ ಮಾತೇ ಸರಿ.

ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗು ಗೊಂದಲಗೊಳ್ಳುತ್ತದೆ ಎಂಬುದು ತಾರ್ಕಿಕವಾಗಿ ಕೇಳಿಸುವ, ಆದರೆ ಆಧಾರವಿಲ್ಲದ ಊಹೆ. 2012ರಲ್ಲಿ ಕೆನಡಾದಲ್ಲಿ ಆಟಿಸಂ ಇರುವ 75 ಮಕ್ಕಳನ್ನು ಹೋಲಿಸಿ ನೋಡಿದಾಗ, ಎರಡು ಭಾಷೆಗಳ ನಡುವೆ ಬೆಳೆದವರಲ್ಲಿ ಒಂದೇ ಭಾಷೆಯವರಿಗಿಂತ ಹೆಚ್ಚಿನ ವಿಳಂಬ ಕಂಡುಬರಲಿಲ್ಲ. ನಂತರ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳೂ ಇದನ್ನೇ ಹೇಳಿವೆ. ಭಾಷೆಯನ್ನು ಮಗು ಕಲಿಯುವುದು ಪದಪಟ್ಟಿಯಿಂದಲ್ಲ. ತನ್ನೊಡನೆ ಸಹಜವಾಗಿ, ಭಾವ ತುಂಬಿ, ಪದೇ ಪದೇ ಮಾತನಾಡುವ ಜನರಿಂದ. ಅಂಥ ಮಾತು ಯಾವ ಭಾಷೆಯಲ್ಲಿ ಹರಿದು ಬರುತ್ತದೆಯೋ ಅದೇ ಆ ಮಗುವಿಗೆ ಒಳ್ಳೆಯ ಭಾಷೆ. ಕನ್ನಡವನ್ನು ಕಿತ್ತುಕೊಂಡರೆ ಮಗು ಕಳೆದುಕೊಳ್ಳುವುದು ಅಜ್ಜಿಯನ್ನು, ಮದುವೆ ಮನೆಯನ್ನು, ಪಕ್ಕದ ಮನೆಯ ಮಕ್ಕಳನ್ನು, ಅಂಗಡಿಯವರನ್ನು. ಬೆರೆಯುವುದೇ ಕಷ್ಟವಾಗಿರುವ ಮಗುವಿನ ಬಳಗವನ್ನು ನಾವೇ ಸಣ್ಣದು ಮಾಡಿದಂತಾಗುತ್ತದೆ. ಈ ಸಲಹೆ ಬೆಂಗಳೂರಿನಲ್ಲಿ ಮಾತ್ರವಲ್ಲ, ಅಮೆರಿಕ ಇಂಗ್ಲೆಂಡುಗಳಲ್ಲಿರುವ ಕನ್ನಡದ ಮನೆಗಳಲ್ಲಿಯೂ ಹಾನಿ ಮಾಡಿದೆ ಎಂದು ದೂರವಾಣಿಯಲ್ಲಿ ಸಲಹೆ ಕೇಳುವ ತಾಯಂದಿರಿಂದ ತಿಳಿದಿದ್ದೇನೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಇದ್ದರೂ ಇದೇ ಮಾತು ಅನ್ವಯಿಸುತ್ತದೆ.

ನಿಮ್ಮ ಮಗಳು ನಿಮ್ಮ ವಾಕ್ಯವನ್ನೇ ಮರಳಿ ಹೇಳುವುದನ್ನು ಎಖೋಲಾಲಿಯಾ ಎನ್ನುತ್ತೇವೆ. ಅದು ಅರ್ಥವಿಲ್ಲದ್ದೆಂದು ಹಿಂದೆ ತಿಳಿಯಲಾಗಿತ್ತು. 1980ರ ದಶಕದಿಂದೀಚಿನ ಸಂಶೋಧನೆ ಅದನ್ನು ಬದಲಿಸಿದೆ. "ಊಟ ಮಾಡ್ತೀಯಾ ಪುಟ್ಟಿ?" ಎಂಬ ಮಾತು ಕೇಳಿಬಂದಾಗಲೆಲ್ಲ ಊಟ ಬಂದಿದೆ. ಆದ್ದರಿಂದ ಆ ಇಡೀ ವಾಕ್ಯವೇ ಅವಳಿಗೆ ಊಟ ಕೇಳುವ ಮಾತಾಗಿದೆ. ಅವಳು ನಿಮ್ಮನ್ನು ಅನುಕರಿಸುತ್ತಿಲ್ಲ, ನಿಮ್ಮೊಡನೆ ಮಾತನಾಡುತ್ತಿದ್ದಾಳೆ. ತಡೆಯಬೇಡಿ. ಅವಳ ಬಾಯಲ್ಲಿ ಇರಬೇಕಾದ ವಾಕ್ಯವನ್ನು ನೀವೇ ಅವಳ ಪರವಾಗಿ ಹೇಳಿ: "ಅಮ್ಮಾ, ನನಗೆ ಊಟ ಬೇಕು". ಹೇಳಿ ತಟ್ಟೆ ಇಡಿ. ಇದನ್ನೂ ಹೇಳು ಎಂದು ಪೀಡಿಸಬೇಡಿ.

ನಾಲಿಗೆಯ ಅಂಟಿನ ಬಗ್ಗೆ ಶಿವಮೊಗ್ಗದ ಮೇಡಂ ಹೇಳಿದ್ದಾರೆ. ಅಂಟು ಬಿಗಿಯಾಗಿದ್ದರೆ ಎಳೆಗೂಸಿಗೆ ಮೊಲೆಯುಣ್ಣಲು ತೊಂದರೆಯಾಗಬಹುದು, ಕೆಲವು ಅಕ್ಷರಗಳ ಉಚ್ಚಾರಣೆ ಕೆಡಬಹುದು; ಪದಗಳೇ ಬಾರದಿರುವುದಕ್ಕೆ, ಕರೆದರೆ ತಿರುಗದಿರುವುದಕ್ಕೆ ಅದು ಕಾರಣವಾಗಲಾರದು. ಕರೆದರೆ ತಿರುಗದ ಮಗುವಿಗೆ ಮೊದಲು ಆಗಬೇಕಾದುದು ಶ್ರವಣ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವೆಲ್ಲವನ್ನೂ ಒಂದೇ ಕಡೆ ನೋಡುವ ವ್ಯವಸ್ಥೆಯಿದೆ.

ಇನ್ನೊಂದು ಭಯವನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಚಿತ್ರ ತೋರಿಸಿ ಕೇಳುವುದನ್ನೋ ಟ್ಯಾಬ್ಲೆಟ್ಟಿನ ಗುಂಡಿ ಒತ್ತಿ ಹೇಳುವುದನ್ನೋ ಕಲಿಸಿದರೆ ಮಗು ಬಾಯಿಂದ ಮಾತನಾಡುವುದನ್ನೇ ಬಿಟ್ಟುಬಿಡುತ್ತದೆ ಎಂಬ ಭಯವದು. ಹಾಗೆ ಆಗುವುದಿಲ್ಲ; ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದ್ದೂ ಉಂಟು. ತನಗೆ ಬೇಕಾದುದನ್ನು ಹೇಳುವ ದಾರಿಯೊಂದು ಸಿಕ್ಕ ಮಗು ಕೂಗುವುದೂ ಕಚ್ಚುವುದೂ ಕಡಿಮೆಯಾಗುತ್ತದೆ. ಆದರೆ ದೊಡ್ಡವರು ಮಗುವಿನ ಕೈಯನ್ನು ಹಿಡಿದು ಅಕ್ಷರಗಳ ಮೇಲೆ ಆಡಿಸಿ ಬರೆಸುವ ವಿಧಾನದಿಂದ ದೂರವಿರಿ. ಹಾಗೆ ಬರೆಸಿದ ಮಾತುಗಳು ಮಗುವಿನವಲ್ಲ, ಕೈಹಿಡಿದವರಿಗೆ ಅರಿವಿಲ್ಲದೆಯೇ ಅವರಿಂದಲೇ ಬಂದವು ಎಂಬುದು 1990ರ ದಶಕದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ತಿಳಿದುಬಂದಿದೆ.

ಆಟಿಸಂ ಇರುವ ಮಹಿಳೆ, ಉಡುಪಿ

ಇಲ್ಲಿಯವರೆಗೆ ಎಲ್ಲರೂ ಮಕ್ಕಳ ಬಗ್ಗೆ ಬರೆದಿದ್ದೀರಿ. ಆಟಿಸಂ ಇರುವ ಮಕ್ಕಳು ದೊಡ್ಡವರಾಗುತ್ತಾರೆ, ದೊಡ್ಡವರಾದ ಮೇಲೂ ಅವರಲ್ಲಿ ಆಟಿಸಂ ಇರುತ್ತದೆ. ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮೂವತ್ತು ದಾಟಿದ ಮೇಲೆ ನನಗೆ ಆಟಿಸಂ ಇರುವುದು ತಿಳಿಯಿತು.

ಹೆಣ್ಣುಮಕ್ಕಳಲ್ಲಿ ಆಟಿಸಂ ಇಲ್ಲವೇ ಇಲ್ಲ ಎಂಬಷ್ಟು ಅಪರೂಪವೆಂದು ಭಾವಿಸಲಾಗಿತ್ತು. ನಾಲ್ಕು ಗಂಡುಮಕ್ಕಳಿಗೆ ಒಂದು ಹೆಣ್ಣುಮಗು ಎಂಬ ಲೆಕ್ಕವನ್ನು ಹಿಂದೆ ಹೇಳುತ್ತಿದ್ದರು. ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿದ 2017ರ ವಿಶ್ಲೇಷಣೆಯೊಂದು ಅದು ಮೂರಕ್ಕೆ ಒಂದರ ಹತ್ತಿರವಿದೆ ಎಂದಿತು. ನಮ್ಮಂಥ ಮನೆಗಳಲ್ಲಿ ಹುಡುಗಿ ಸುಮ್ಮನಿದ್ದರೆ ಅದನ್ನು ಯಾರೂ ಸಮಸ್ಯೆಯೆಂದು ನೋಡುವುದಿಲ್ಲ, ಒಳ್ಳೆಯ ಗುಣವೆಂದು ಹೊಗಳುತ್ತಾರೆ. ನೆಂಟರು ಬಂದಾಗ ಎಷ್ಟು ಹೊತ್ತು ನಗಬೇಕು, ಯಾವಾಗ ಕಾಫಿ ತರಬೇಕು, ಏನು ಕೇಳಿದರೆ ಏನು ಹೇಳಬೇಕು ಎಂಬುದನ್ನೆಲ್ಲ ನಾನು ಅಕ್ಕನನ್ನು ನೋಡಿ ಗಟ್ಟಿಮಾಡಿಕೊಂಡಿದ್ದೆ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿತ್ತು. ಪ್ರತಿ ಮದುವೆ ಮುಗಿಸಿ ಬಂದ ಮೇಲೆ ಕತ್ತಲೆ ಕೋಣೆಯಲ್ಲಿ ಮಲಗಬೇಕಾಗುತ್ತಿತ್ತು. ಹೀಗೆ ಮರೆಮಾಚುತ್ತ ಬದುಕುವುದಕ್ಕೂ ಆತಂಕ, ಖಿನ್ನತೆಗಳಿಗೂ ನಂಟಿದೆ ಎಂದು ಈಗ ಸಂಶೋಧಕರು ಹೇಳುತ್ತಿದ್ದಾರೆ. ನಾನು ಅದನ್ನು ಅನುಭವಿಸಿ ತಿಳಿದಿದ್ದೇನೆ.

ಆಟಿಸಂ ಇರುವವರಿಗೆ ಭಾವನೆಗಳಿಲ್ಲ, ಪರರ ನೋವು ತಿಳಿಯುವುದಿಲ್ಲ ಎಂಬ ಮಾತನ್ನು ಓದಿದಾಗಲೆಲ್ಲ ನನಗೆ ತೀವ್ರವಾಗಿ ನೋವಾಗುತ್ತದೆ. ಎದುರಿನವರ ಮುಖ ನೋಡಿ ಅವರ ಮನಸ್ಸನ್ನು ಊಹಿಸುವುದು ನನಗೆ ನಿಧಾನ. ಅವರು ನೊಂದಿದ್ದಾರೆಂದು ತಿಳಿದ ಮೇಲೆ ಆ ನೋವು ನನ್ನನ್ನು ದಿನಗಟ್ಟಲೆ ಬಿಡುವುದಿಲ್ಲ. ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞರು, 2012ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು: ಅರ್ಥಮಾಡಿಕೊಳ್ಳುವಲ್ಲಿನ ಕೊರತೆ ನಮ್ಮಲ್ಲಿ ಮಾತ್ರ ಇಲ್ಲ, ಎರಡೂ ಕಡೆ ಇದೆ. ಆಟಿಸಂ ಇಲ್ಲದವರಿಗೂ ನಮ್ಮ ಮುಖಭಾವ, ನಮ್ಮ ಮೌನ ತಿಳಿಯುವುದಿಲ್ಲ. ಮುಂದೆ ಎಡಿನ್‌ಬರೋದಲ್ಲಿ ಒಂದು ಪ್ರಯೋಗ ನಡೆಯಿತು. ಒಬ್ಬರಿಂದ ಒಬ್ಬರಿಗೆ ಕತೆ ದಾಟಿಸುವ ಸಾಲುಗಳನ್ನು ಮಾಡಿದಾಗ, ಎಲ್ಲರಿಗೂ ಆಟಿಸಂ ಇದ್ದ ಸಾಲು, ಯಾರಿಗೂ ಆಟಿಸಂ ಇಲ್ಲದ ಸಾಲಿನಷ್ಟೇ ಚೆನ್ನಾಗಿ ಕತೆಯನ್ನು ದಾಟಿಸಿತು. ಎರಡೂ ಬೆರೆತ ಸಾಲಿನಲ್ಲಿಯೇ ವಿವರಗಳು ಹೆಚ್ಚು ಸೋರಿಹೋದವು.

ಪೋಷಕರಲ್ಲಿ ನನ್ನದೊಂದು ವಿನಂತಿ. ಗಲ್ಲ ಹಿಡಿದು ಮುಖ ತಿರುಗಿಸಿ, "ಕಣ್ಣು ಕೊಟ್ಟು ನೋಡು" ಎಂದು ಒತ್ತಾಯಿಸಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವಾಗ ನನಗೆ ಎದುರಿನವರ ಮಾತು ಕೇಳಿಸುವುದೇ ಇಲ್ಲ. ನೆಲ ನೋಡುತ್ತಿದ್ದಾಗಲೇ ನಾನು ಚೆನ್ನಾಗಿ ಆಲಿಸುತ್ತಿರುತ್ತೇನೆ. ಕೈ ಬೀಸುವುದು, ತೂಗಾಡುವುದು ಕೂಡ ಹಾಗೆಯೇ. ಅದರಿಂದ ಮಗುವಿಗೆ ಪೆಟ್ಟಾಗದಿದ್ದರೆ ಅದನ್ನು ನಿಲ್ಲಿಸಬೇಕಾದ ಅಗತ್ಯವಿಲ್ಲ, ಅದು ಅವರಿಗೆ ನೆಮ್ಮದಿ ಕೊಡುತ್ತಿರುತ್ತದೆ.

ತಂದೆ, ಕಲಬುರಗಿ

ಉಡುಪಿಯ ಸಹೋದರಿಯ ಮಾತುಗಳನ್ನು ಎರಡು ಸಲ ಓದಿದೆ. ನನ್ನ ಮಗನ ಮನಸ್ಸಿನಲ್ಲಿ ಏನಿರಬಹುದೆಂದು ಊಹಿಸಲು ಅವು ನನಗೆ ಸಹಾಯಕವಾದವು. ಆದರೆ ನನ್ನ ಮಗನ ಬದುಕು ಅವರದರಂತಿಲ್ಲ, ಅದನ್ನೂ ಇಲ್ಲಿ ದಾಖಲಿಸಬೇಕು. ಅವನಿಗೆ ಹದಿನಾರು ವರ್ಷ, ಮಾತಿಲ್ಲ, ಬೌದ್ಧಿಕ ಅಂಗವೈಕಲ್ಯವಿದೆ, ಆಗಾಗ ಫಿಟ್ಸ್ ಬರುತ್ತದೆ, ಸ್ನಾನಕ್ಕೂ ಊಟಕ್ಕೂ ನೆರವು ಬೇಕು. ಸಿನಿಮಾ ನೋಡಿದವರು, "ಇಂಥ ಮಕ್ಕಳಲ್ಲಿ ಏನಾದರೊಂದು ಅದ್ಭುತ ಶಕ್ತಿ ಇರುತ್ತದಂತೆ, ಇವನದು ಯಾವುದು?" ಎಂದು ಕೇಳುತ್ತಾರೆ. ಕ್ಯಾಲೆಂಡರಿನ ದಿನ ಹೇಳುವ, ದೊಡ್ಡ ಸಂಖ್ಯೆಗಳನ್ನು ಗುಣಿಸುವ ಮಕ್ಕಳು ಆಟಿಸಂ ಇರುವವರಲ್ಲಿ ಸಣ್ಣ ಪಾಲು. ಬೌದ್ಧಿಕ ಅಂಗವೈಕಲ್ಯವೂ ಜೊತೆಗಿರುವವರು ಸುಮಾರು ಮೂರರಲ್ಲೊಬ್ಬರು. ನನ್ನ ಮಗನಲ್ಲಿ ಅಂಥ ಶಕ್ತಿಯಿಲ್ಲ. ಅವನು ಗೌರವದಿಂದ ಬದುಕಲು ಅದು ಇರಬೇಕಾಗಿಯೂ ಇಲ್ಲ.

ನಮ್ಮ ಭಾಗದಲ್ಲಿ ತಜ್ಞರು ವಿರಳ. ಆ ಕೊರತೆಯ ಜಾಗಕ್ಕೆ ವ್ಯಾಪಾರಿಗಳು ಬರುತ್ತಾರೆ. ಬೇರೆ ರಾಜ್ಯದ ಒಂದು ಆಸ್ಪತ್ರೆಯವರು ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯಿಂದ ಮಗ ಮಾತನಾಡುತ್ತಾನೆಂದು ಹೇಳಿ ಲಕ್ಷಗಟ್ಟಲೆ ಹಣ ಕೇಳಿದರು. ಹೊಲ ಮಾರುವ ಮಾತೂ ಮನೆಯಲ್ಲಿ ನಡೆಯಿತು. ಅದೃಷ್ಟವಶಾತ್ ಜಿಲ್ಲಾಸ್ಪತ್ರೆಯ ವೈದ್ಯರೊಬ್ಬರು ತಡೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತಸಂಬಂಧಿ ಕಾಯಿಲೆ ಮುಂತಾದವುಗಳನ್ನು ಬಿಟ್ಟರೆ ಕಾಂಡಕೋಶವನ್ನು ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ ಬಳಸಬಹುದು. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ದೇಹದಿಂದ ಲೋಹದ ವಿಷ ತೆಗೆಯುತ್ತೇವೆನ್ನುವವರನ್ನೂ ನಂಬಬೇಡಿ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆ ಚಿಕಿತ್ಸೆಯ ವೇಳೆ ಐದು ವರ್ಷದ ಬಾಲಕನೊಬ್ಬ ಸತ್ತಿದ್ದಾನೆ.

ಪ್ರಮಾಣಪತ್ರವನ್ನು ಮಾಡಿಸಿದರೆ ಮಗುವಿಗೆ ಕಳಂಕ ಅಂಟುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ಹಿಂಜರಿಯುತ್ತಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಶೇ. 40 ಅಥವಾ ಅದಕ್ಕೂ ಹೆಚ್ಚೆಂದು ಪ್ರಮಾಣೀಕರಿಸಿದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಿರಾಮಯ ಎಂಬ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ, 18 ತುಂಬಿದ ಮೇಲೆ ಪಾಲಕರನ್ನು ನೇಮಿಸಲು ಜಿಲ್ಲಾ ಮಟ್ಟದ ಸಮಿತಿಯಿದೆ. ನಾವು ಇಲ್ಲವಾದ ಮೇಲೆ ಮಗನ ಗತಿಯೇನು ಎಂಬ ಪ್ರಶ್ನೆಗೆ ಈ ಕಾಗದಗಳು ಪೂರ್ತಿ ಉತ್ತರವಲ್ಲ. ಆದರೆ ಇವು ಕೈಯಲ್ಲಿ ಇಲ್ಲದಿದ್ದರೆ ಆ ಪ್ರಶ್ನೆಯನ್ನು ಕೇಳಲೂ ನಮಗೆ ಎಡೆಯಿರುವುದಿಲ್ಲ.

ಸರ್ಕಾರಿ ಶಾಲಾ ಶಿಕ್ಷಕ, ಚಾಮರಾಜನಗರ ಜಿಲ್ಲೆ

ನನ್ನ ಮೂರನೆಯ ತರಗತಿಯಲ್ಲಿ ಆಟಿಸಂ ಇರುವ ಬಾಲಕನೊಬ್ಬನಿದ್ದಾನೆ. ಬೆಳಗಿನ ಪ್ರಾರ್ಥನೆಯ ಮೈಕು ಶುರುವಾದ ಕೂಡಲೇ ಕಿವಿ ಮುಚ್ಚಿ ಓಡುತ್ತಾನೆ, ಬಿಸಿಯೂಟದ ಸಾಲಿನಲ್ಲಿ ಯಾರಾದರೂ ತಾಗಿದರೆ ನೆಲಕ್ಕೆ ಬಿದ್ದು ಕಿರುಚುತ್ತಾನೆ. ಹಟವೆಂದು ಕೆಲವರು ಹೇಳುತ್ತಾರೆ. ಎರಡೇಟು ಬಿದ್ದರೆ ಸರಿಹೋಗುತ್ತಾನೆಂದು ಅವನ ತಂದೆಯೇ ಹೇಳಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಆದರೆ ಏನು ಮಾಡಬೇಕೆಂಬುದೂ ತಿಳಿದಿಲ್ಲ. ಈ ಶಾಲೆಯಲ್ಲಿ ನಾವು ಇಬ್ಬರೇ ಶಿಕ್ಷಕರು.

ವಿಶೇಷ ಶಿಕ್ಷಕಿ, ಶಿವಮೊಗ್ಗ

ಸರ್, ನೀವು ಒಪ್ಪದಿರುವುದೇ ಆ ಬಾಲಕನಿಗೆ ದೊಡ್ಡ ಆಸರೆ. ಹಟ ಮಾಡುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಸಿಕ್ಕಿದರೆ ಸುಮ್ಮನಾಗುತ್ತದೆ. ಇಂದ್ರಿಯಗಳ ಮೇಲೆ ತಡೆಯಲಾರದಷ್ಟು ಹೊರೆ ಬಿದ್ದು ಕುಸಿಯುವ ಮಗುವಿಗೆ ನೋಡುವವರ ಪರಿವೆಯೇ ಇರುವುದಿಲ್ಲ, ಏನು ಕೊಟ್ಟರೂ ಕೂಡಲೇ ಶಾಂತವಾಗುವುದಿಲ್ಲ. ನಮಗೆ ಕೇವಲ ಜೋರಾಗಿ ಕೇಳುವ ಮೈಕು ಅವನಿಗೆ ದೈಹಿಕ ನೋವನ್ನೇ ಕೊಡುತ್ತಿರಬಹುದು. ಹೊಡೆದರೆ ಆ ನೋವಿನ ಮೇಲೆ ಇನ್ನೊಂದು ನೋವು ಸೇರುತ್ತದೆ, ಶಾಲೆಯೆಂದರೆ ಭಯ ಹುಟ್ಟುತ್ತದೆ.

ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಆಗುವಂಥದ್ದನ್ನೇ ಹೇಳುತ್ತೇನೆ. ಮೈಕಿನ ಪೆಟ್ಟಿಗೆಯಿಂದ ಅವನನ್ನು ದೂರ ನಿಲ್ಲಿಸಿ, ಆಗದಿದ್ದರೆ ಪ್ರಾರ್ಥನೆ ಮುಗಿಯುವವರೆಗೆ ತರಗತಿಯಲ್ಲಿ ಕೂರಲು ಬಿಟ್ಟು ಕರಿಹಲಗೆ ಒರೆಸುವಂಥ ಒಂದು ಕೆಲಸ ಕೊಡಿ. ಊಟದ ಸಾಲಿನಲ್ಲಿ ಮೊದಲನೆಯವನಾಗಿಯೋ ಕೊನೆಯವನಾಗಿಯೋ ನಿಲ್ಲಲಿ, ಆಗ ಎರಡೂ ಕಡೆಯಿಂದ ಯಾರೂ ತಾಗುವುದಿಲ್ಲ. ದಿನದ ಕೆಲಸಗಳನ್ನು ಕ್ರಮವಾಗಿ ಚಿತ್ರ ಬರೆದು ಗೋಡೆಗೆ ಅಂಟಿಸಿ: ಪಾಠ, ಹಾಲು, ಆಟ, ಊಟ, ಮನೆ. ಮುಗಿದ ಚಿತ್ರವನ್ನು ಅವನೇ ತಿರುಗಿಸಲಿ. ಕಾರ್ಯಕ್ರಮ ಬದಲಾಗುವುದಿದ್ದರೆ ಹಿಂದಿನ ದಿನವೇ ತಿಳಿಸಿ. ಶಾಲಾ ವಾರ್ಷಿಕೋತ್ಸವದಂಥ ದಿನಗಳಿಗೆ ಇದು ತೀರಾ ಮುಖ್ಯ. ಸೂಚನೆಗಳನ್ನು ಒಂದೊಂದಾಗಿ, ಚಿಕ್ಕ ವಾಕ್ಯಗಳಲ್ಲಿ ಕೊಟ್ಟು, ಉತ್ತರಕ್ಕಾಗಿ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಕಿರುಚುತ್ತಿರುವಾಗ ಬುದ್ಧಿ ಹೇಳಬೇಡಿ, ಸುತ್ತಲಿನ ಮಕ್ಕಳನ್ನು ದೂರ ಕಳಿಸಿ ನೀವು ಸುಮ್ಮನೆ ಹತ್ತಿರ ಕುಳಿತುಕೊಳ್ಳಿ. ಉಳಿದ ಮಕ್ಕಳಿಗೂ ಮುಚ್ಚುಮರೆಯಿಲ್ಲದೆ ವಿವರಿಸಿ. ಎಂಟು ವರ್ಷದವರು ದೊಡ್ಡವರಿಗಿಂತ ಬೇಗ ಅರ್ಥಮಾಡಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರಿಗೆ ಲಿಖಿತವಾಗಿ ತಿಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಬಾಲಕನನ್ನು ತೋರಿಸಿದರೆ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ತಂದೆಯವರನ್ನು ಶಾಲೆಗೆ ಕರೆದು, ಕುಸಿತಕ್ಕೆ ಮುಂಚೆ ಏನೇನು ನಡೆಯಿತೆಂಬುದನ್ನು ಒಂದು ವಾರ ಇಬ್ಬರೂ ಬರೆದಿಡೋಣವೆಂದು ಕೇಳಿಕೊಳ್ಳಿ. ಹೊಡೆಯಬೇಡಿ ಎಂಬ ಉಪದೇಶಕ್ಕಿಂತ ಆ ಬರಹವೇ ಹೆಚ್ಚು ಕೆಲಸ ಮಾಡುತ್ತದೆ.

ತಜ್ಞರಿಲ್ಲದ ಊರಿನಲ್ಲಿ ಏನೂ ಸಾಧ್ಯವಿಲ್ಲವೆಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತರು ತಂದೆತಾಯಂದಿರಿಗೆ ಮಗುವಿನ ಆಟವನ್ನು ಗಮನಿಸಿ ಅದಕ್ಕೆ ತಕ್ಕಂತೆ ಸ್ಪಂದಿಸುವುದನ್ನು ಹೇಳಿಕೊಟ್ಟರು. ಆ ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವುದು ಹೆಚ್ಚಾಯಿತು. ಕಲಬುರಗಿಯ ಸಹೋದರರೇ, ನಿಮ್ಮ ಜಿಲ್ಲೆಯ ಪೋಷಕರು ಸೇರುವುದಾದರೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಕನ್ನಡದಲ್ಲಿ ಒಂದು ತರಬೇತಿ ನಡೆಸಲು ನಾನು ಬರಲು ಸಿದ್ಧಳಿದ್ದೇನೆ. ಮೈಸೂರಿನ ಮೇಡಂ ಕೂಡ ಬರುವುದಾದರೆ ಬೇಸಿಗೆ ರಜೆಯಲ್ಲಿ ದಿನ ಗೊತ್ತುಮಾಡೋಣ.

ಹಾಸನದ ಹಿರಿಯರು

ಎಲ್ಲರ ಉತ್ತರಗಳನ್ನೂ ಅಚ್ಚು ಹಾಕಿಸಿ ಮನೆಯಲ್ಲಿ ಓದಿಸಿದ್ದೇನೆ. ಇನ್ನೊಂದೇ ಪ್ರಶ್ನೆ. ಮೊಮ್ಮಗ ರಜೆಗೆ ಇಲ್ಲಿಗೆ ಬರುತ್ತಾನೆ. ಕುಕ್ಕರಿನ ಸೀಟಿಗೆ ಹೆದರುತ್ತಾನಂತೆ, ಅನ್ನ-ಮೊಸರು ಬಿಟ್ಟು ಬೇರೇನೂ ತಿನ್ನುವುದಿಲ್ಲವಂತೆ. ನಾವು ಅಜ್ಜ-ಅಜ್ಜಿ ಏನು ಸಿದ್ಧತೆ ಮಾಡಿಕೊಳ್ಳಬೇಕು?

ತಾಯಿ, ಬೆಂಗಳೂರು

ಹಿರಿಯರೇ, ನಮ್ಮ ಮನೆಯಲ್ಲಿ ನಡೆಯುವುದನ್ನು ಬರೆಯುತ್ತೇನೆ. ಅವನು ಏಳುವ ಮೊದಲೇ ಕುಕ್ಕರು, ಮಿಕ್ಸಿಗಳ ಕೆಲಸ ಮುಗಿಸಿಬಿಡಿ. ಆಗದಿದ್ದರೆ "ಈಗ ಮೂರು ಸೀಟಿ ಬರುತ್ತದೆ" ಎಂದು ಮುಂಚೆಯೇ ಹೇಳಿ ಅವನನ್ನು ಹಿತ್ತಲಿಗೆ ಕರೆದೊಯ್ಯಿರಿ. ಅನ್ನ-ಮೊಸರನ್ನು ಅವನು ಒಪ್ಪುವ ತಟ್ಟೆಯಲ್ಲಿಯೇ ಕೊಡಿ, ಹೊಸ ತಿನಿಸನ್ನು ಪಕ್ಕದಲ್ಲಿ ಬೇರೆ ಬಟ್ಟಲಲ್ಲಿಡಿ, ತಿನ್ನು ಎನ್ನಬೇಡಿ. ನಿಮ್ಮ ಮನೆಯ, ನಿಮ್ಮಿಬ್ಬರ, ಅವನು ಮಲಗುವ ಕೋಣೆಯ ಫೋಟೋಗಳನ್ನು ಈಗಲೇ ಸೊಸೆಗೆ ಕಳಿಸಿಕೊಡಿ; ಬರುವ ಮುಂಚೆ ದಿನವೂ ಅವನಿಗೆ ತೋರಿಸಲಿ. ಬಂದ ದಿನ ನೆಂಟರನ್ನು ಕರೆಯಬೇಡಿ.